ಸೂಜಿಯಕ್ಕನ ಹೊಟ್ಟೆಕಿಚ್ಚು

ಸೂಜಿಯಕ್ಕನ ಕೈಗುಣ ಚೆನ್ನಾಗಿದೆ ಎಂಬ ಮಾತು ಆ ಬಡಾವಣೆಯಲ್ಲಿ ಎರಡು ತಲೆಮಾರಿನಿಂದ ನಡೆದುಬಂದಿತ್ತು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷಗಳಿಂದ ಚುಚ್ಚುಮದ್ದು ಹಾಕುತ್ತಿದ್ದ ನರ್ಸು ಅವಳು. ಕೂಸಿನ ತೊಡೆಯನ್ನು ಎಡಗೈಯಲ್ಲಿ ಮೆಲ್ಲಗೆ ಹಿಡಿದು, “ಅಗೋ ನೋಡು, ಫ್ಯಾನ್ ಮೇಲೆ ಯಾರು ಕೂತಿದಾರೆ!” ಅನ್ನುತ್ತಿದ್ದಳು. ಮಗು ಕತ್ತೆತ್ತಿ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಹಾಗೆ ಕತ್ತೆತ್ತಿ ನೋಡಿದ್ದ ಮಕ್ಕಳೇ ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಕೇಂದ್ರವೆಂದರೆ ಎರಡೇ ಕೋಣೆ. ಮುಂದಿನದರಲ್ಲಿ ಬೆಂಚು, ತೂಕದ ಯಂತ್ರ, ಒಂದು ಹಸಿರು ಪರದೆ. ಹಿಂದಿನದರಲ್ಲಿ ಲಸಿಕೆಯ ಫ್ರಿಜ್ಜು. ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಫ್ರಿಜ್ಜಿನ ಮುಂದೆ ಬಗ್ಗಿ ಉಷ್ಣಾಂಶ ಬರೆದುಕೊಳ್ಳುತ್ತಿದ್ದಳು. ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಏಳು ತಾಸು ಬಾರದೆ ಇದ್ದಾಗ, ಲಸಿಕೆ ತುಂಬಿದ ನೀಲಿ ಐಸ್‌ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಎರಡು ಬಸ್ಸು ಬದಲಿಸಿ ದೊಡ್ಡ ಆಸ್ಪತ್ರೆಯ ಫ್ರಿಜ್ಜಿಗೆ ಮುಟ್ಟಿಸಿ ಬಂದಿದ್ದಳು. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಯಾರಾದರೂ ತಾವಾಗಿಯೇ ಕೇಳಲಿ ಎಂದು ಕಾದಿದ್ದಳು. ಯಾರೂ ಕೇಳಲಿಲ್ಲ.

ಆದರೆ ಲಸಿಕೆ ವಿಷಯ ಮಾತ್ರ ಎಲ್ಲರೂ ಅವಳನ್ನೇ ಕೇಳುತ್ತಿದ್ದರು. “ಅಕ್ಕಾ, ಇದು ಹಾಕಿಸ್ಬೋದಾ?” “ನಾನು ಹಾಕ್ತೀನಿ ಅಂದ್ಮೇಲೆ ನಿಂಗೇನು ಭಯ?” ಅಷ್ಟೇ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಬೇಕಿರಲಿಲ್ಲ.

ಅವಳ ಮನೆ ಕೇಂದ್ರದಿಂದ ಮೂರು ಬೀದಿ ಆಚೆ. ಮಹಡಿಯಲ್ಲಿ ಅವಳು, ಬಸ್ಸು ಓಡಿಸುವ ಗಂಡ. ಕೆಳಗೆ ಮೈದುನನ ಸಂಸಾರ, ಮಂಡಿನೋವಿನ ಅತ್ತೆ. ಅತ್ತೆ ಕೆಳಗಿರುವುದು ಮೆಟ್ಟಿಲು ಹತ್ತಲಾರದೆ ಎಂದು ಎಲ್ಲರಿಗೂ ಗೊತ್ತಿತ್ತು. ಸೂಜಿಯಕ್ಕ ಮಾತ್ರ ಅದನ್ನು ನಂಬಿರಲಿಲ್ಲ. ಅತ್ತೆ ಕೆಳಗಿರುವುದು ಕಿರಿಸೊಸೆಯ ಮಾತಿನ ರುಚಿಗೆ ಎಂದೇ ಅವಳ ಲೆಕ್ಕ.

ಕಿರಿಸೊಸೆ, ಅಂದರೆ ಅವಳ ವಾರಗಿತ್ತಿ, ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಬಟ್ಟೆ ಹರಡುವ ಮೇಜು, ನಾಲ್ಕು ಸ್ಟೂಲು. ಅಳತೆ ಕೊಡಲು ಬಂದವರು ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಅವಳಿಗೆ ಮಾತು ಹರಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಲು ಬರುತ್ತಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ “ಹೂಂ, ಆಮೇಲೆ?” ಅಂದರೆ ಸಾಕು, ಎದುರಿಗಿದ್ದವರು ಹೊಟ್ಟೆಯೊಳಗಿನದೆಲ್ಲ ಹೊರಗೆ ಹಾಕಿಬಿಡುತ್ತಿದ್ದರು. ಕೆಳಗಿನಿಂದ ಅತ್ತೆಯ ನಗು ಮೆಟ್ಟಿಲು ಹತ್ತಿ ಬರುವಾಗ ಸೂಜಿಯಕ್ಕ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ತನ್ನ ಬಿಳಿ ಕೋಟನ್ನು ಮನೆಯ ದರ್ಜಿಗೆ ಕೊಡದೆ, ಪೇಟೆಯಲ್ಲಿ ಇನ್ಯಾರ ಹತ್ತಿರವೋ ಹೊಲಿಸಿದ್ದಳು. ಕಂಕುಳಲ್ಲಿ ಬಿಗಿಯಾಗಿ ಕೈ ಎತ್ತುವಾಗೆಲ್ಲ ಹಿಡಿಯುತ್ತಿತ್ತು. ಆದರೂ ಅದನ್ನೇ ತೊಡುತ್ತಿದ್ದಳು.

ಹೀಗಿರುವಾಗ, ಮೂರು ವರ್ಷದಿಂದ ಬೇರೆ ಕಡೆ ಇದ್ದ ಹೊಸ ಜ್ವರ ಇಲ್ಲಿಗೂ ಬಂತು. ಅದರ ಹಿಂದೆಯೇ ಹೊಸ ಲಸಿಕೆಯೂ ಬಂತು. ಲಸಿಕೆಗಿಂತ ಮುಂಚೆ ಮಾತು ಬಂದಿತ್ತು. ಫೋನಿನಲ್ಲಿ ಒಬ್ಬರು ರಕ್ತ ಹೆಪ್ಪುಗಟ್ಟುತ್ತದೆ ಎಂದರೆ, ಇನ್ನೊಬ್ಬರು ಎರಡು ವರ್ಷಕ್ಕೆ ಕೂದಲು ಉದುರುತ್ತದೆ ಎಂದರು. ಗಡಿಯಾರ ರಿಪೇರಿಯವನು, “ಇಷ್ಟು ಬೇಗ ಮಾಡಿದ್ದು ಯಾವುದು ತಾಳತ್ತೆ ಹೇಳಿ?” ಎಂದು ಅಂಗಡಿಗೆ ಬಂದವರಿಗೆಲ್ಲ ಉಪದೇಶ ಮಾಡಿದ. ನಿವೃತ್ತ ಟೀಚರು ಪೇಪರ್ ಮಡಿಸಿ ಹಿಡಿದು ಅವನ ಜೊತೆ ಫುಟ್‌ಪಾತಿನಲ್ಲೇ ಜಗಳಕ್ಕೆ ನಿಂತರು. ಜನರ ಗೊಂದಲ ನೋಡಿ ಕೇಂದ್ರದ ಡಾಕ್ಟರು ಶಾಲೆಯ ಸಭಾಂಗಣದಲ್ಲಿ ಒಂದು ಸಭೆ ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನವರು. ಕೇಂದ್ರಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಚಿತ್ರ ತೋರಿಸಿ, ಅಂಕಿ ಹೇಳಿ ಬೆವರೊರೆಸಿಕೊಂಡರು. ಸೂಜಿಯಕ್ಕ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಬಿಳಿ ಕೋಟು ತೊಟ್ಟು ಕೂತಿದ್ದಳು. ಕೊನೆಗೆ ತನ್ನನ್ನು ಎರಡು ಮಾತು ಆಡಲು ಕರೆಯುತ್ತಾರೆ, ತಾನು “ನಾನು ಹಾಕ್ತೀನಿ ಅಂದ್ಮೇಲೆ ನಿಮಗೇನು ಭಯ?” ಅನ್ನುತ್ತೇನೆ, ಜನ ನಕ್ಕು ಎದ್ದು ಹೋಗುತ್ತಾರೆ ಎಂದು ಮನಸ್ಸಿನಲ್ಲೇ ನಡೆಸಿ ನೋಡಿಕೊಂಡಿದ್ದಳು. ಅಷ್ಟರಲ್ಲಿ ಮೂರನೇ ಸಾಲಿನಿಂದ ವಾರಗಿತ್ತಿ ಎದ್ದುನಿಂತಳು.

“ಡಾಕ್ಟ್ರೇ, ನಾನು ಹೆಚ್ಚು ಓದಿದೋಳಲ್ಲ, ಬಟ್ಟೆ ಹೊಲಿಯೋಳು. ಹೊಸ ಥರದ ಬಟ್ಟೆ ಬಂದ್ರೆ ಮೊದಲು ಒಂದು ತುಂಡು ನೀರಲ್ಲಿ ನೆನೆಸಿಡ್ತೀನಿ. ಕುಗ್ಗತ್ತಾ, ಬಣ್ಣ ಬಿಡತ್ತಾ ನೋಡ್ತೀನಿ. ಇದನ್ನ ಎಷ್ಟು ದಿನ ನೆನೆಸಿದೀರಿ?”

ಸಭೆಯೆಲ್ಲ ನಕ್ಕಿತು. ಡಾಕ್ಟರೂ ನಕ್ಕರು. “ಎರಡು ವರ್ಷ. ಸಾವಿರಾರು ಜನಕ್ಕೆ ಕೊಟ್ಟು ನೋಡಿದಾರೆ.”

“ಮೂರನೇ ವರ್ಷಕ್ಕೆ ಏನಾಗತ್ತೆ?”

“ಮೂರನೇ ವರ್ಷದ್ದು ಇನ್ನೂ ಗೊತ್ತಿಲ್ಲ. ಆದರೆ ಹಳೇ ಲಸಿಕೆಗಳಲ್ಲಿ ತೊಂದರೆ ಆಗಿದ್ರೆ ಹೆಚ್ಚಾಗಿ ಮೊದಲ ಕೆಲವು ವಾರದಲ್ಲೇ…”

“ಗೊತ್ತಿಲ್ಲ” ಎಂಬ ಒಂದು ಪದವನ್ನು ಹಿಡಿದುಕೊಂಡ ಸಭೆ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಗದ್ದಲ ಅಡಗಿದ ಮೇಲೆ ವಾರಗಿತ್ತಿ ಮತ್ತೆ ಕೇಳಿದಳು. “ಇನ್ನೊಂದೇ ಮಾತು. ಹಾಕಿಸ್ಕೊಂಡ ಮೇಲೆ ಯಾರಿಗಾದ್ರೂ ಏನಾದ್ರೂ ಆದ್ರೆ, ಅದನ್ನ ಬರ್ಕೊಳ್ಳೋರು ಯಾರು?”

“ನಿಮ್ಮ ನರ್ಸಮ್ಮನಿಗೆ ಹೇಳಿ. ಅವರು ಬರ್ಕೋತಾರೆ.”

ವಾರಗಿತ್ತಿ ಸೂಜಿಯಕ್ಕನ ಕಡೆ ಒಮ್ಮೆ ನೋಡಿ ಕೂತಳು. ಆ ನೋಟ ಯಾಕೆಂದು ಅಷ್ಟು ಜನರಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಹದಿನೇಳು ವರ್ಷದ ಹಿಂದೆ ವಾರಗಿತ್ತಿಯ ಮಗಳು ಎಳೆಗೂಸಾಗಿದ್ದಾಗ ಲಸಿಕೆ ಹಾಕಿದ ದಿನವೇ ಜ್ವರ ಏರಿ ಫಿಟ್ಸ್ ಬಂದಿತ್ತು. ಎರಡು ನಿಮಿಷದಲ್ಲಿ ನಿಂತೂ ಹೋಗಿತ್ತು. ಮಗು ಆಮೇಲೆ ಚೆನ್ನಾಗಿಯೇ ಬೆಳೆಯಿತು. ಆದರೆ ಆವತ್ತು ನಡುಗುತ್ತ ಮೆಟ್ಟಿಲು ಹತ್ತಿ ಬಂದ ತಾಯಿಗೆ ಸೂಜಿಯಕ್ಕ, “ಜ್ವರಕ್ಕೆ ಒಂದೊಂದು ಮಗುಗೆ ಹಾಗಾಗತ್ತೆ. ಅದನ್ನೇ ದೊಡ್ಡದು ಮಾಡ್ಬೇಡ” ಅಂದಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ಕೇಂದ್ರದ ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. ಬರೆದಿದ್ದರೆ ಮೇಲಿನವರು ನಾಲ್ಕು ಪ್ರಶ್ನೆ ಕೇಳುತ್ತಿದ್ದರು, ತನ್ನ ಕೈಗುಣದ ಮಾತಿಗೂ ಒಂದು ಚುಕ್ಕೆ ಬೀಳುತ್ತಿತ್ತು.

ಸಭೆಯಲ್ಲಿ ಸೂಜಿಯಕ್ಕನನ್ನು ಯಾರೂ ಮಾತಿಗೆ ಕರೆಯಲಿಲ್ಲ. ಹೊರಗೆ ಬಂದಾಗ ಜನ ಡಾಕ್ಟರನ್ನೂ ಬಿಟ್ಟು ದರ್ಜಿಯ ಸುತ್ತ ನಿಂತಿದ್ದರು. “ನೀನೇನಂತೀಯಮ್ಮ? ನೀನು ಹಾಕಿಸ್ಕೋತೀಯಾ?” ಆ ಪ್ರಶ್ನೆ ಇಪ್ಪತ್ತಾರು ವರ್ಷ ತನ್ನದಾಗಿತ್ತು. ಸೂಜಿಯಕ್ಕನಿಗೆ ಎದೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ತಲೆನೋವು ಎಂದು ಹೇಳಿ ಒಬ್ಬಳೇ ಮನೆಗೆ ನಡೆದಳು.

ಆಮೇಲಿನ ಮೂರು ವಾರ ಕೇಂದ್ರದ ಬೆಂಚು ಬಣಗುಟ್ಟಿತು. ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ಜನಕ್ಕಾಗುವಷ್ಟಿರುತ್ತದೆ; ಮುಚ್ಚಳ ತೆಗೆದ ದಿನವೇ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು. ಒಂದು ದಿನ ಟೀಚರೂ ಇನ್ನಿಬ್ಬರೂ ಬಂದರು. ಏಳು ಜನರ ಮದ್ದನ್ನು ಸಂಜೆ ಕೈಯಾರೆ ಚೆಲ್ಲುವಾಗ ಸೂಜಿಯಕ್ಕನ ಕಣ್ಣಲ್ಲಿ ನೀರು ಬಂತು. ಅದು ಮದ್ದಿಗಾಗಿ ಬಂದ ನೀರೋ ತನಗಾಗಿ ಬಂದದ್ದೋ ಅವಳಿಗೇ ತಿಳಿಯಲಿಲ್ಲ.

ಇತ್ತ ಹೊಲಿಗೆ ಕೋಣೆಯಲ್ಲಿ ಸ್ಟೂಲು ಸಾಲದೆ ಜನ ನಿಂತುಕೊಂಡೇ ಮಾತಾಡುತ್ತಿದ್ದರು. ವಾರಗಿತ್ತಿ ಯಾರಿಗೂ ಬೇಡವೆನ್ನುತ್ತಿರಲಿಲ್ಲ. “ನಂಗೂ ಗೊತ್ತಿಲ್ಲ ಕಣ್ರೀ, ಕೇಳ್ತಾ ಇದೀನಿ. ಗೊತ್ತಾದ್ರೆ ಹೇಳ್ತೀನಿ” ಅನ್ನುತ್ತಿದ್ದಳು. ಅಷ್ಟಕ್ಕೇ ಜನ ಅವಳನ್ನು ತಲೆಮೇಲೆ ಹೊತ್ತುಕೊಂಡಿದ್ದರು. ಒಂದು ಬೆಳಿಗ್ಗೆ ಸೂಜಿಯಕ್ಕ ಅತ್ತೆಯ ಮಂಡಿಗೆ ಎಣ್ಣೆ ಹಚ್ಚುತ್ತ, “ನಿಮಗೆ ವಯಸ್ಸಾಗಿದೆ, ನೀವು ಮೊದಲು ಹಾಕಿಸ್ಕೋಬೇಕು” ಅಂದಳು.

“ಹಾಕಿಸ್ಕೊಂಡ್ರಾಯ್ತು ಬಿಡು. ನಿನ್ನ ತಂಗಿ ಏನಂತಾಳೋ ಒಂದ್ಮಾತು ಕೇಳ್ತೀನಿ.”

“ನರ್ಸು ನಾನಾ, ಅವಳಾ?”

“ನೀನೇ ಕಣೇ. ಅದಕ್ಕೇ ಅಲ್ವಾ ನಿಂಗೆ ಹಾಕೋ ಅವಸರ” ಎಂದು ಅತ್ತೆ ನಕ್ಕರು. ಸೂಜಿಯಕ್ಕ ಎಣ್ಣೆಯ ಬಟ್ಟಲು ಅಲ್ಲೇ ಇಟ್ಟು, ಒಂದು ಮಂಡಿಗೆ ಹಚ್ಚಿ ಇನ್ನೊಂದನ್ನು ಹಾಗೆಯೇ ಬಿಟ್ಟು ಎದ್ದುಹೋದಳು.

ಆ ವಾರವೇ ಒಂದು ಮಧ್ಯಾಹ್ನ, ಕೇಂದ್ರದಲ್ಲಿ ಯಾರೂ ಇಲ್ಲದ ಹೊತ್ತಿಗೆ ವಾರಗಿತ್ತಿ ಒಳಗೆ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬೆಂಚಿನ ಮೇಲೆ ಕೂತು ರವಿಕೆಯ ತೋಳು ಮಡಿಸಿದಳು.

“ಹಾಕು ಅಕ್ಕಾ.”

ಸೂಜಿಯಕ್ಕನಿಗೆ ಕಿವಿಯನ್ನೇ ನಂಬಲಾಗಲಿಲ್ಲ. “ಏನು, ನೆನೆಸಿ ನೋಡಿ ಆಯ್ತಾ?”

“ನನ್ನನ್ನೇ ನೆನೆಸಿ ನೋಡ್ತೀನಿ. ಅಷ್ಟೊಂದು ಜನ ನನ್ನ ಕೇಳ್ತಿದಾರೆ, ನಂಗೆ ನಿದ್ದೆ ಬರ್ತಿಲ್ಲ. ಎರಡು ವಾರ ನೋಡ್ತೀನಿ. ಏನಾಯ್ತೋ, ಏನಾಗ್ಲಿಲ್ವೋ, ಇದ್ದದ್ದು ಇದ್ದ ಹಾಗೆ ನಾನೇ ಎಲ್ಲರಿಗೂ ಹೇಳ್ತೀನಿ. ಅಲ್ಲೀವರ್ಗೂ ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ?” ಎಂದು ಸೂಜಿಯಕ್ಕ ಸೂಜಿ ಎತ್ತಿಕೊಂಡಳು. ಕೈ ಯಾವತ್ತಿನ ಹಾಗೆ ಹಗುರವಾಗಿಯೇ ಇತ್ತು. ಆದರೆ ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ಎರಡು ವಾರ ಕಳೆದ ಮೇಲೆ ಇವಳು ಎದ್ದುನಿಂತು ಹೇಳುತ್ತಾಳೆ, ಇಡೀ ಬಡಾವಣೆ ತೋಳು ಮಡಿಸಿಕೊಂಡು ಸಾಲು ನಿಲ್ಲುತ್ತದೆ. ಹಾಕುವವಳು ನಾನು, ಹೆಸರು ಇವಳದು.

ಗುಟ್ಟು ನಾಲ್ಕು ದಿನ ಉಳಿಯಿತು. ಐದನೇ ದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಗಡಿಯಾರ ರಿಪೇರಿಯವನ ಹೆಂಡತಿ ಸಿಕ್ಕಿ, “ನಿಮ್ಮ ವಾರಗಿತ್ತಿ ಎಷ್ಟು ತಿಳುವಳಿಕೆಯೋಳು ನೋಡಿ! ಅವಳು ಹೂಂ ಅನ್ನೋವರ್ಗೂ ನಾನಂತೂ ನಿಮ್ಮ ಸೂಜಿ ಹತ್ರ ಬರಲ್ಲಪ್ಪ” ಅಂದಳು.

ಸೂಜಿಯಕ್ಕನ ನಾಲಿಗೆ ಅವಳನ್ನು ಕೇಳದೆಯೇ ಹೊರಳಿತು. “ಅವಳು ಆಗ್ಲೇ ಹಾಕಿಸ್ಕೊಂಡಾಯ್ತು. ನನ್ನ ಕೈಯಿಂದಾನೇ. ನಿಮಗೆ ಹೇಳ್ಲಿಲ್ವಾ?”

ಹಾಲಿನ ಪ್ಯಾಕೆಟ್ಟು ಹಿಡಿದು ಮನೆಗೆ ನಡೆಯುವಷ್ಟು ಹೊತ್ತೂ ಸೂಜಿಯಕ್ಕನಿಗೆ ಹೊಟ್ಟೆ ತಂಪಾಗಿತ್ತು. ಮೆಟ್ಟಿಲು ಹತ್ತುವಾಗ ಹಾಡು ಗುನುಗಿದ್ದನ್ನು ಕೇಳಿ ಗಂಡ, “ಏನು ವಿಶೇಷ?” ಎಂದು ಕೂಡ ಕೇಳಿದ.

ಸಂಜೆಯೊಳಗೆ ಸುದ್ದಿಗೆ ಕೈಕಾಲು ಬಂದವು. ನಮಗೆಲ್ಲ ಬೇಡ ಅಂದು ತಾನು ಕದ್ದು ಹಾಕಿಸಿಕೊಂಡಳಂತೆ. ಮನೆಯವರಿಗೆ ಬೇರೆ ಬಾಟಲಿಯಂತೆ, ನಮಗೆ ಬೇರೆಯಂತೆ. ಮಾರನೆಯ ದಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹೊಲಿಯದೆಯೇ ವಾಪಸ್ಸು ಒಯ್ದರು. ಸೂಜಿಯಕ್ಕ ಮಹಡಿಯ ಕಟಕಟೆಗೆ ಒರಗಿ ನೋಡುತ್ತಿದ್ದಳು. ಮೂರನೆಯವಳವರೆಗೂ ಖುಷಿಯೇ ಆಯಿತು. ನಾಲ್ಕನೆಯವಳು, “ಮಾತಲ್ಲೇ ಹೊಲಿಗೆ ಹಾಕ್ತೀಯಲ್ಲಮ್ಮ ನೀನು” ಎಂದು ಗಟ್ಟಿಯಾಗಿ ಬೈದು ಹೋದಾಗ, ಕೆಳಗೆ ಯಂತ್ರದ ಸದ್ದು ನಿಂತಿತು. ಆಮೇಲೆ ಅವಳು ನೋಡಲಾರದೆ ಒಳಗೆ ಹೋದಳು.

ವಾರಗಿತ್ತಿ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದಳು. ಅದಕ್ಕೆ ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದಳು. ಸಂಜೆ ಮೆಟ್ಟಿಲಲ್ಲಿ ಎದುರಾದವಳು ಕೇಳಿದ್ದು ಇಷ್ಟೇ: “ಎರಡು ವಾರ ತಡ್ಕೊಳ್ಳೋಕೆ ಆಗ್ಲಿಲ್ವಾ ಅಕ್ಕಾ?”

“ನಾನೇನು ಸುಳ್ಳು ಹೇಳಿದ್ನಾ?”

“ಇಲ್ಲ. ಸುಳ್ಳು ಹೇಳಿದ್ರೆ ನಾನು ಸುಳ್ಳು ಅನ್ಬೋದಾಗಿತ್ತು” ಎಂದು ವಾರಗಿತ್ತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅದಕ್ಕೂ ಸೂಜಿಯಕ್ಕ ಬಗ್ಗಲಿಲ್ಲ. ಅವಳನ್ನು ಬಗ್ಗಿಸಿದ್ದು ಬೇರೆ. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ, ಮದುವೆಯಾಗಿ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಪರದೆಯ ಹಿಂದೆ ಗರ್ಭ ನಿಲ್ಲದ ಇಂಜೆಕ್ಷನ್ ತೆಗೆದುಕೊಂಡು ಹೋಗುತ್ತಿದ್ದಳು. ಮನೆಯವರಿಗೆ ಗೊತ್ತಿರಲಿಲ್ಲ. ಆ ವಾರ ಬರಬೇಕಿತ್ತು, ಬರಲಿಲ್ಲ. ಸೂಜಿಯಕ್ಕ ಬಸ್ ಸ್ಟಾಪಿನಲ್ಲಿ ಅವಳನ್ನು ಕಂಡು, “ಯಾಕಮ್ಮ, ಡೇಟ್ ಆಯ್ತಲ್ಲ?” ಅಂದಳು.

ಹುಡುಗಿ ಅತ್ತಿತ್ತ ನೋಡಿದಳು. “ದೊಡ್ಡ ಆಸ್ಪತ್ರೆಗೆ ಹೋಗ್ತಿದೀನಿ, ಅಕ್ಕಾ.”

“ಅಷ್ಟು ದೂರ? ಅಲ್ಲಿ ಅರ್ಧ ದಿನ ಕಾಯ್ಬೇಕು.”

“ಕಾಯ್ತೀನಿ. ಸ್ವಂತ ವಾರಗಿತ್ತಿ ವಿಷಯಾನೇ ಹಾಲಿನ ಬೂತಲ್ಲಿ ಹೇಳಿದ್ರಂತೆ. ನಂದು ನಮ್ಮತ್ತೆಗೆ ಹೇಳೋಕೆ ಎಷ್ಟು ಹೊತ್ತು?”

ಬಸ್ಸು ಬಂತು, ಹುಡುಗಿ ಹತ್ತಿ ಹೋದಳು. ಸೂಜಿಯಕ್ಕ ಹತ್ತಬೇಕಾದ ಬಸ್ಸೂ ಅದೇ ಆಗಿತ್ತು. ಅವಳು ಅಲ್ಲೇ ನಿಂತುಬಿಟ್ಟಳು. ಬಿಸಿಲಿನಲ್ಲಿ ಕಾಲು ಸುಡುತ್ತಿದ್ದರೂ ಸರಿದು ನೆರಳಿಗೆ ಹೋಗಬೇಕೆಂದು ಅನಿಸಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಹಸಿರು ಪರದೆಯ ಹಿಂದೆ ಏನೇನು ಕೇಳಿದ್ದಳು, ಯಾರ್ಯಾರ ಮೈಯ ಗುಟ್ಟು ನೋಡಿದ್ದಳು! ಒಂದೂ ಹೊರಗೆ ಬಂದಿರಲಿಲ್ಲ. ಅದೂ ತನ್ನ ಕೈಗುಣದ ಒಂದು ಭಾಗ ಎಂದು ಅವಳಿಗೆ ಈಗ ಹೊಳೆಯಿತು, ಅದು ಹೋದ ಮೇಲೆ.

ಡಾಕ್ಟರು ಇನ್ನೊಂದು ಸಭೆ ಕರೆದರು. ಈ ಸಲ ಬಂದ ಜನ ಕೇಳಲು ಬಂದವರಲ್ಲ, ಕೂಗಲು ಬಂದವರು. ಬೇರೆ ಬಾಟಲಿಯ ವಿಷಯ ಏನೆಂದು ಗಡಿಯಾರ ರಿಪೇರಿಯವನು ಎದ್ದುನಿಂತ. ವಾರಗಿತ್ತಿ ಕೊನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದಳು. ಅವರಿಬ್ಬರ ಎರಡೂ ಬದಿ ಕುರ್ಚಿ ಖಾಲಿ. ಡಾಕ್ಟರು ಬಾಯಿ ತೆರೆಯುವ ಮುಂಚೆ ಸೂಜಿಯಕ್ಕ ಎದ್ದಳು. ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು.

“ಬೇರೆ ಬಾಟಲಿ ಗೀಟಲಿ ಏನೂ ಇಲ್ಲ. ಇರೋದು ಒಂದೇ. ನನ್ನ ವಾರಗಿತ್ತಿ ನಿಮಗೆ ಮೋಸ ಮಾಡೋಕೆ ಹಾಕಿಸ್ಕೊಳ್ಳಲಿಲ್ಲ. ತನ್ನ ಮೈ ಮೇಲೆ ನೋಡಿ ಆಮೇಲೆ ನಿಮಗೆ ಹೇಳ್ತೀನಿ ಅಂತ ಹಾಕಿಸ್ಕೊಂಡ್ಳು. ಎರಡು ವಾರ ಬಾಯಿ ಮುಚ್ಕೊಂಡಿರು ಅಂದಿದ್ಳು. ನಾನು ಇರ್ಲಿಲ್ಲ.”

“ಯಾಕೆ ಇರ್ಲಿಲ್ಲ?” ಎಂದು ಯಾರೋ ಕೂಗಿದರು.

“ಹೊಟ್ಟೆ ಉರೀತು, ಅದಕ್ಕೆ.”

ಅವಳೇ ಮುಂದುವರಿಸಿದಳು. “ನೀವೆಲ್ಲ ನನ್ನ ಕೇಳೋದು ಬಿಟ್ಟು ಅವಳನ್ನ ಕೇಳೋಕೆ ಶುರು ಮಾಡಿದ್ರಿ. ನಮ್ಮತ್ತೆ ಸಮೇತ. ನಂಗೆ ತಡೀಲಿಲ್ಲ” ಅಂದಾಗ ಮುಂದಿನ ಸಾಲಿನಲ್ಲಿದ್ದ ಅತ್ತೆ, “ನನ್ನನ್ಯಾಕೆ ಎಳೀತೀಯೇ!” ಅಂದರು. ಆಗ ಒಬ್ಬರು ನಕ್ಕರು, ಆಮೇಲೆ ಹಲವರು. ಸೂಜಿಯಕ್ಕ ನಗು ಮುಗಿಯುವವರೆಗೂ ನಿಂತಿದ್ದಳು.

“ಇನ್ನೊಂದಿದೆ. ಏನಾದ್ರೂ ಆದ್ರೆ ಬರ್ಕೊಳ್ಳೋರು ಯಾರು ಅಂತ ಆವತ್ತು ಕೇಳಿದ್ಳು. ತುಂಬಾ ವರ್ಷದ ಹಿಂದೆ ಒಂದು ಮಗುಗೆ ಲಸಿಕೆ ಜ್ವರಕ್ಕೆ ಫಿಟ್ಸ್ ಬಂದಿತ್ತು. ಮಗುಗೆ ಆಮೇಲೆ ಏನೂ ಆಗ್ಲಿಲ್ಲ. ಆದ್ರೆ ನಾನು ಬರೀಲಿಲ್ಲ. ನನ್ನ ಹೆಸರಿಗೆ ಮಸಿ ಆಗತ್ತೆ ಅಂತ ಬರೀಲಿಲ್ಲ. ಯಾರ ಮಗು ಅಂತ ಹೇಳಲ್ಲ.”

ಕೊನೆಯ ಸಾಲಿನಿಂದ ವಾರಗಿತ್ತಿಯ ದನಿ ಬಂತು. “ನನ್ನ ಮಗು. ಇಲ್ಲೇ ಕೂತಿದಾಳೆ ನೋಡಿ.”

ಎಲ್ಲರೂ ತಿರುಗಿ ನೋಡಿದರು. ಹದಿನೇಳರ ಹುಡುಗಿ ನಾಚಿಕೊಂಡು ತಾಯಿಯ ಹಿಂದೆ ಸರಿದಳು. ಟೀಚರು ಹಿಂದಕ್ಕೆ ವಾಲಿ, “ಹಾಗಾದ್ರೆ ನೀನೇ ಹೇಳಮ್ಮ. ಹಾಕಿಸ್ಕೊಂಡು ಏನಾಯ್ತು?” ಎಂದರು.

“ಹನ್ನೆರಡು ದಿನ ಆಯ್ತು. ಮೊದಲ ದಿನ ಕೈ ಎತ್ತೋಕೆ ಆಗ್ಲಿಲ್ಲ, ಕತ್ತರಿ ಹಿಡಿಯೋದೇ ಕಷ್ಟ ಆಯ್ತು. ಮೈ ಬಿಸಿ ಆಯ್ತು. ಮಾರನೇ ದಿನಕ್ಕೆ ಇಳೀತು. ಇನ್ನೆರಡು ದಿನ ಬಾಕಿ ಇದೆ. ಎರಡು ವಾರ ಅಂದಿದ್ದೆ, ಎರಡು ವಾರ ಆದ್ಮೇಲೇ ಪೂರ್ತಿ ಹೇಳ್ತೀನಿ.”

ಡಾಕ್ಟರು ಅಲ್ಲೇ ಒಂದು ಮಾತು ಒಪ್ಪಿಕೊಂಡರು: ಹಾಕಿಸಿಕೊಂಡ ಪ್ರತಿಯೊಬ್ಬರ ಮನೆಗೂ ಮೂರನೇ ದಿನ ಮತ್ತು ಹದಿನಾಲ್ಕನೇ ದಿನ ಹೋಗಿ, ಏನಾಯಿತೆಂದು ಕೇಳಿ ಬರೆದುಕೊಳ್ಳುವುದು. ತಿಂಗಳಿಗೊಮ್ಮೆ ಯಾರ ಗುರುತೂ ಹೇಳದೆ, ಎಷ್ಟು ಜನಕ್ಕೆ ಏನಾಯಿತು ಎಂದು ಕೇಂದ್ರದ ಬಾಗಿಲಿಗೆ ಅಂಟಿಸುವುದು. ಓಡಾಡುವ ಕೆಲಸ ಸೂಜಿಯಕ್ಕನ ಪಾಲಿಗೆ ಬಂತು. ಅವಳು ಬೇಡವೆನ್ನಲಿಲ್ಲ.

ಸಭೆಯಾದ ಮೂರನೇ ದಿನ, ವಾರಗಿತ್ತಿ ತನ್ನ ಎರಡು ವಾರ ಮುಗಿಸಿ ಮತ್ತೇನೂ ಆಗಲಿಲ್ಲವೆಂದು ಹೇಳಿದ ಮೇಲೆ, ಒಂಬತ್ತು ಜನ ಬಂದರು. ಆ ವಾರದ ಕೊನೆಗೆ ಬೆಂಚು ತುಂಬಿ ಜನ ಮೆಟ್ಟಿಲಲ್ಲಿ ಕೂತರು. ಗಡಿಯಾರ ರಿಪೇರಿಯವನು ಮಾತ್ರ ಕೊನೆಯವರೆಗೂ ಬರಲಿಲ್ಲ. ಹೆಂಡತಿಯನ್ನು ಕಳಿಸಿ ತಾನು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದ. ಅತ್ತೆ ಕಿರಿಸೊಸೆಯ ತೋಳು ಹಿಡಿದು ಬಂದು, ಹಿರಿಸೊಸೆಗೆ ತೋಳು ಒಡ್ಡಿದರು. ಬೇಕರಿಯ ಹುಡುಗಿ ಬರಲಿಲ್ಲ. ಅವಳು ದೊಡ್ಡ ಆಸ್ಪತ್ರೆಗೇ ಹೋಗುತ್ತಿದ್ದಳು. ಎದುರು ಸಿಕ್ಕರೆ ನಗುತ್ತಿದ್ದಳು, ಅಷ್ಟೇ.

ಹೊಟ್ಟೆಕಿಚ್ಚು ಆರಿತೇ ಅಂದರೆ ಇಲ್ಲ. ಡಾಕ್ಟರು ಮೇಲಿನ ಕಚೇರಿಗೆ ಕಳಿಸಿದ ವರದಿಯಲ್ಲಿ, “ಒಬ್ಬ ದರ್ಜಿ ಕೇಳಿದ ಪ್ರಶ್ನೆಯಿಂದ ಈ ಕ್ರಮ ಆರಂಭವಾಯಿತು” ಎಂದು ಬರೆದಿದ್ದರು. ಬಿಸಿಲಲ್ಲಿ ಮನೆಮನೆ ಸುತ್ತಿದ ನರ್ಸಿನ ಮಾತೇ ಅದರಲ್ಲಿ ಇರಲಿಲ್ಲ. ಅದನ್ನು ಓದಿದ ದಿನ ಸೂಜಿಯಕ್ಕ ಊಟ ಬಿಟ್ಟಳು. ಸಾಲಿನಲ್ಲಿ ನಿಂತ ಹೆಂಗಸರು ಈಗಲೂ ಮೊದಲು ಹೊಲಿಗೆ ಕೋಣೆಯಲ್ಲಿ ಅರ್ಧ ಗಂಟೆ ಕೂತು, ಆಮೇಲೆ ಕೇಂದ್ರಕ್ಕೆ ಬರುತ್ತಿದ್ದರು. ಅವರ ಸೆರಗಿಗೆ ಅಂಟಿದ ದಾರದ ಚೂರು ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು, ಒಳಗೆ ಚುರ್ ಅನ್ನುತ್ತಿತ್ತು. ಆದರೂ ಸೂಜಿ ಹಾಕಿ, ಮೂರನೇ ದಿನ ಅವರ ಬಾಗಿಲು ತಟ್ಟುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಫ್ರಿಜ್ಜಿನ ಮುಂದೆ ಬಗ್ಗಿದ್ದಾಗ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಹಿಂದಿನ ದಿನ ಲಸಿಕೆ ಹಾಕಿಸಿಕೊಂಡಿದ್ದವಳು. ತೋಳು ಊದಿ ಕೆಂಪಾಗಿತ್ತು, ಮೈಮೇಲೆ ತುರಿಸುವ ಗಂಧೆ ಎದ್ದಿತ್ತು. ಸೂಜಿಯಕ್ಕ ಅವಳನ್ನು ಮಲಗಿಸಿ, ನಾಡಿ ನೋಡಿ, ಡಾಕ್ಟರನ್ನು ಕರೆದಳು. ಮಾತ್ರೆ ಕೊಟ್ಟು ಮಧ್ಯಾಹ್ನದವರೆಗೂ ಪಕ್ಕದಲ್ಲೇ ಕೂತಿದ್ದಳು. ಗಂಧೆ ಇಳಿಯಿತು, ಮುಖಕ್ಕೆ ಕಳೆ ಬಂತು. ಬರೆದುಕೊಳ್ಳುತ್ತ ಸೂಜಿಯಕ್ಕ ತಲೆ ಎತ್ತದೆಯೇ ಕೇಳಿದಳು. “ಮೊದಲು ಯಾರಿಗೆ ತೋರಿಸ್ದೆ?”

“ನಿಮಗೇ ಅಕ್ಕಾ. ಎದ್ದೋಳು ಸೀದಾ ಇಲ್ಲಿಗೇ ಓಡಿ ಬಂದೆ.”

“ದಾರೀಲಿ ಹೊಲಿಗೆ ಅಂಗಡಿ ಸಿಗತ್ತಲ್ಲ?”

“ಅಲ್ಲಿ ಯಾಕೆ ನಿಲ್ಲಲಿ?”

ಸಂಜೆ ಮನೆಗೆ ಹೋದವಳು ಮೆಟ್ಟಿಲು ಹತ್ತಲಿಲ್ಲ. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಳು. ಯಾರೂ ಇರಲಿಲ್ಲ, ವಾರಗಿತ್ತಿ ಗುಂಡಿ ಹೊಲಿಯುತ್ತಿದ್ದಳು. ಇಬ್ಬರ ನಡುವೆ ಮಾತು ಬೇಕಾದಷ್ಟಕ್ಕೆ ಮಾತ್ರ ಉಳಿದಿತ್ತು.

“ಇವತ್ತೊಬ್ಬರಿಗೆ ಗಂಧೆ ಎದ್ದಿತ್ತು. ಯಾರು ಅಂತ ಹೇಳಲ್ಲ. ಈಗ ಆರಾಮಾಗಿದಾರೆ, ಬರ್ಕೊಂಡೆ.”

“ಒಳ್ಳೇದಾಯ್ತು.”

ಸೂಜಿಯಕ್ಕ ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಕೊನೆಗೆ ತಡೆಯಲಾರದೆ ಅಂದೇಬಿಟ್ಟಳು: “ಮೊದಲು ನನ್ನ ಹತ್ರಾನೇ ಬಂದ್ರು. ನಿನ್ನ ಬಾಗಿಲು ದಾಟ್ಕೊಂಡು.”

ವಾರಗಿತ್ತಿ ದಾರವನ್ನು ಹಲ್ಲಿನಿಂದ ಕಡಿದು, ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ನಗು ತಡೆಯಲು ನೋಡಿ ಸೋತಳು.

“ಸರಿ ಅಕ್ಕಾ, ನೀನೇ ಗೆದ್ದೆ. ಒಳಗೆ ಬಂದು ಕೂತ್ಕೋ, ಸ್ಟೂಲ್ ಖಾಲಿ ಇದೆ.”

ಸೂಜಿಯಕ್ಕ ಒಂದು ಸಲ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಕೂತಳು.